ಪಾದ ಕಲಿಯುವ ಪಾಠ

ಬೀಜಿಂಗಿನ ಟೆಂಪಲ್ ಆಫ್ ಹೆವನ್ ಉದ್ಯಾನದಲ್ಲಿ ಬೆಳಗಾದರೆ ಹಿರಿಯರು ಗುಂಪುಗೂಡಿ ತಾಯ್ ಚಿ ಮಾಡುತ್ತಾರೆ. ಹಲವರು ಕಲಿತಿರುವುದು 1956ರಲ್ಲಿ ಚೀನಾದ ಕ್ರೀಡಾ ಆಯೋಗ ಸರಳಗೊಳಿಸಿದ 24 ಭಂಗಿಗಳ ಸರಣಿಯನ್ನು.

ಕೈಗಳ ಚೆಲುವು ಕಣ್ಣು ಸೆಳೆದರೂ ನಿಜವಾದ ಕಸುಬು ಪಾದಗಳಲ್ಲಿದೆ. ಮೊಣಕಾಲು ತುಸು ಬಾಗಿರುತ್ತದೆ. ಮೈಭಾರವೆಲ್ಲ ಒಂದು ಕಾಲಿಗೆ ಇಳಿದ ಮೇಲೆಯೇ ಇನ್ನೊಂದು ಮೇಲೇಳುತ್ತದೆ. ಮುಂದಿಟ್ಟ ಹಿಮ್ಮಡಿ ನೆಲ ಮುಟ್ಟಿದ ಬಳಿಕವಷ್ಟೇ ಭಾರ ಅತ್ತ ಸರಿಯುತ್ತದೆ. ವಯಸ್ಸಾದವರು ಎಷ್ಟೋ ಸಲ ಆಯ ತಪ್ಪುವುದು ಹೀಗೆ ಕಾಲು ಬದಲಿಸುವ ಗಳಿಗೆಯಲ್ಲೇ. ಆ ಗಳಿಗೆಯನ್ನು ಹಿಗ್ಗಿಸಿ ತೊಡೆಗೂ ಕಣಕಾಲಿಗೂ ಮತ್ತೆ ಮತ್ತೆ ಕಲಿಸುವುದು ಈ ವಿದ್ಯೆಯ ದೊಡ್ಡತನ.

ಅಮೆರಿಕದ ಆರೆಗನ್‌ನಲ್ಲಿ 70 ಮತ್ತು ಮೇಲ್ಪಟ್ಟ ವಯಸ್ಸಿನ 256 ಮಂದಿಯ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ಸಲದಂತೆ ಆರು ತಿಂಗಳು ತಾಯ್ ಚಿ ಮಾಡಿದವರು, ಬರೀ ಮೈ ಚಾಚುವ ವ್ಯಾಯಾಮ ಮಾಡಿದವರಿಗಿಂತ ಕಡಿಮೆ ಬಿದ್ದರು.

ಸಲಕರಣೆ ಏನೂ ಬೇಡ, ಸಮತಟ್ಟಾದ ನೆಲ ಸಾಕು. ಮೊದಮೊದಲು ಆಸರೆಗೆ ಪಕ್ಕದಲ್ಲೊಂದು ಕುರ್ಚಿ ಇರಲಿ.