ಒಬ್ಬ ಕಾರ್ಯದರ್ಶಿ, ಮೂರು ಗ್ರಂಥಗಳು

ಬ್ರಫ್ ಸ್ಮಿತ್‌ನ ‘ವಿಕ್ಟೋರಿಯದ ಮೂಲನಿವಾಸಿಗಳು’ (1878) ಎಂಬ ಎರಡು ಸಂಪುಟಗಳ ಇಂಗ್ಲಿಷ್ ಗ್ರಂಥವನ್ನು ಜಾನಪದ ಸಂಗ್ರಹಕ್ಕೆ ಮಾದರಿಯೆಂದು ಬಹಳ ಕಾಲ ಹೊಗಳಿಕೊಂಡು ಬಂದವನು ನಾನು. ಆಸ್ಟ್ರೇಲಿಯದ ಆ ಜನರ ಭಾಷೆ, ಕಥೆ, ಆಯುಧ, ಆಹಾರ ಎಲ್ಲವೂ ಅದರಲ್ಲಿವೆ. ಮುಂದೆ ವಯನಾಡಿನ ಚಿನ್ನದ ವಿಚಾರ ಓದುತ್ತಿದ್ದಾಗ ಅದೇ ಹೆಸರು ಕಣ್ಣಿಗೆ ಬಿತ್ತು. ನನ್ನ ಹೊಗಳಿಕೆಯನ್ನು ಈಗ ತಿದ್ದಿಕೊಳ್ಳಬೇಕಾಗಿದೆ.

ಸ್ಮಿತ್ 1860ರಿಂದ ವಿಕ್ಟೋರಿಯದ ಗಣಿ ಇಲಾಖೆಯ ಕಾರ್ಯದರ್ಶಿ. ಮೂಲನಿವಾಸಿಗಳ ರಕ್ಷಣೆಗೆಂದು ಸರಕಾರ ನೇಮಿಸಿದ ಮಂಡಳಿಗೂ ಆತನೇ ಕಾರ್ಯದರ್ಶಿ! 1869ರಲ್ಲಿ ಚಿನ್ನದ ಗಣಿಗಳ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದ. ಒಂಬತ್ತು ವರ್ಷ ಕಳೆದು ಜನರ ಬಗ್ಗೆ ಬರೆದ. ಅಲ್ಲಿನ ಹೆಂಗಸರು ಕೋಲಿನಿಂದ ಅಗೆದು ತರುತ್ತಿದ್ದ ಮುರ್ನಾಂಗ್ ಗೆಡ್ಡೆಯ ಹೆಸರು ಈ ಎರಡನೆಯದರಲ್ಲಿ ದಾಖಲಾಗಿದೆ. ಆ ಗೆಡ್ಡೆ ಬೆಳೆಯುತ್ತಿದ್ದ ಬಯಲು ಮೊದಲು ವಲಸೆಗಾರರ ಕುರಿಗಳ ಪಾಲಾಯಿತು. 1851ರಲ್ಲಿ ಚಿನ್ನಕ್ಕಾಗಿ ಜನ ನುಗ್ಗಿದ ಮೇಲೆ ಗುದ್ದಲಿಯ ಪಾಲು. ತೊರೆಗಳಲ್ಲಿ ಗಣಿಯ ಕೆಸರು ಎಷ್ಟು ತುಂಬಿತೆಂದರೆ 1859ರಲ್ಲಿ ಅದರ ವಿಚಾರಣೆಗೇ ಒಂದು ಆಯೋಗ ಬೇಕಾಯಿತು. ಹಳೆಯ ಗಣಿಮಣ್ಣಿನಲ್ಲಿ ಆರ್ಸೆನಿಕ್, ಪಾದರಸ ಇಂದಿಗೂ ಉಳಿದಿವೆ. ಬೆಂಡಿಗೋ ಕಡೆಯ ಜಾಜಾ ವುರುಂಗ್ ಜನ ತಮ್ಮ ನೆಲವನ್ನು ‘ತಲೆಕೆಳಗಾದ ನಾಡು’ ಎನ್ನುತ್ತಾರೆ. ಸ್ಮಿತ್ ಸಂಗ್ರಹಿಸಿದ ಪದಪಟ್ಟಿಗಳಿಗಿಂತ ಈ ಎರಡು ಮಾತು ನನಗೆ ದೊಡ್ಡದಾಗಿ ಕಂಡಿತು.

ಈ ಮನುಷ್ಯನನ್ನು ಭಾರತ ಸರಕಾರ 1879ರಲ್ಲಿ ಕರೆಸಿತು. ದೇವಾಲ, ಪಂದಲೂರು ಸುತ್ತಿನ ಆಗ್ನೇಯ ವಯನಾಡಿನಲ್ಲಿ ತಿರುಗಾಡಿ 1880ರಲ್ಲಿ ವರದಿ ಕೊಟ್ಟ. ಅದು ಅವನ ಮೂರನೆಯ ಗ್ರಂಥವೆನ್ನಿ. ಆ ಹೊತ್ತಿನ ಉಮೇದಿನಲ್ಲಿ ಸುಮಾರು 50 ಲಕ್ಷ ಪೌಂಡ್ ಬಂಡವಾಳದ 41 ಕಂಪನಿಗಳು ಹುಟ್ಟಿದವು. ಅವುಗಳಲ್ಲಿ 33 ಇಂಗ್ಲೆಂಡಿನವು. ಕಾಫಿಯಲ್ಲಿ ಸೋತಿದ್ದ ತೋಟದ ದೊರೆಗಳು ದುಬಾರಿ ಬೆಲೆಗೆ ತೋಟ ಮಾರಿ ಗೆದ್ದರು. ಕೆಲವೇ ವರ್ಷಗಳಲ್ಲಿ ಎಲ್ಲ ಕುಸಿಯಿತು. 1908ರ ನೀಲಗಿರಿ ಗೆಜೆಟಿಯರ್ ಇದನ್ನು ರಸವತ್ತಾಗಿ ಹೇಳುತ್ತದೆ. ಓದಿ ಮುಗಿಸಿದಾಗ ಮರುಕ ಹುಟ್ಟುವುದು ಷೇರುದಾರರ ಮೇಲೆ!

ಅಲ್ಲಿನ ಹೊಳೆಮರಳಿನಲ್ಲಿ ಮೊದಲಿನಿಂದಲೂ ಚಿನ್ನ ತೊಳೆಯುತ್ತಿದ್ದವರು ಕುರುಂಬರು, ಪಣಿಯರು. ಪಣಿಯರಂತೂ ಜಮೀನಿನೊಡನೆ ಕೈಬದಲಾಗುತ್ತಿದ್ದ ಆಳುಗಳು. ತೊಳೆದ ಚಿನ್ನ ಒಡೆಯರದು. 1843ರ ಕಾಯಿದೆ ಗುಲಾಮಗಿರಿಗಿದ್ದ ಕಾನೂನಿನ ಬಲವನ್ನೇನೋ ತೆಗೆಯಿತು. ಆದರೆ ಕಾಡು ಕಾಫಿ ತೋಟವಾಯಿತು, ಗಣಿಯಾಯಿತು, ಚಹಾ ತೋಟವಾಯಿತು, ಅವರಿಗೆ ಮರಳಲಿಲ್ಲ. ಪಾಳುಬಿದ್ದ ಸುರಂಗಗಳಿಗೆ ಚಿನ್ನದ ಆಸೆಯಿಂದ ಇಳಿದ ಬಡವರು ಸತ್ತದ್ದೂ ಉಂಟು.

ಸ್ಮಿತ್ ಕಪಟಿಯೆಂದು ನಾನು ಹೇಳುತ್ತಿಲ್ಲ. ಸಂಗ್ರಹಕಾರನಾಗಿ ಅವನ ಶ್ರದ್ಧೆ ನಿಜವಾದದ್ದೇ. ಗಣಿ ಒಂದು ಗ್ರಂಥ, ಜನ ಇನ್ನೊಂದು ಗ್ರಂಥ ಎಂಬ ಆ ಏರ್ಪಾಟಿನ ಬಗ್ಗೆ ನನ್ನ ತಕರಾರು. ಹಾಗೆ ಬೇರ್ಪಡಿಸಿದ ಕೂಡಲೇ ಗೆಡ್ಡೆ ಏಕೆ ಕಾಣೆಯಾಯಿತೆಂಬ ಪ್ರಶ್ನೆ ಯಾವ ಗ್ರಂಥಕ್ಕೂ ಸೇರದೆ ಹೋಗುತ್ತದೆ. ಮಲಯಾಳದಲ್ಲಿ ವಯನಾಡಿನ ಅಡಿಯರ ಗುಲಾಮಗಿರಿಯನ್ನು ಕಾದಂಬರಿಯಾಗಿಸಿದ ಕೆ. ಜೆ. ಬೇಬಿಯವರ ‘ಮಾವೇಲಿಮನ್ರಂ’ (1991) ಓದುವಾಗ ನೆಲ, ಜನ ಒಂದೇ ಪುಟದಲ್ಲಿ ಸಿಗುತ್ತವೆ.

ಇಲ್ಲಿ ಕಾಸರಗೋಡಿನಲ್ಲಿ ನಾವು ಕೊರಗರ ಹಾಡು, ಡೋಲಿನ ಬಗ್ಗೆ ಬರೆಯುತ್ತಲೇ ಇದ್ದೇವೆ. ಮೊನ್ನೆ ನನ್ನ ಹಳೆಯ ಟಿಪ್ಪಣಿ ಪುಸ್ತಕ ತೆರೆದು ನೋಡಿದೆ. ಹಾಡುಗಳಿಗೆ ಹಾಳೆಗಳಿವೆ, ತಾಳಕ್ಕೂ ಇವೆ. ಹಾಡಿದವರು ಕೂತಿದ್ದ ಜಾಗದ ಪಟ್ಟೆ ಯಾರ ಹೆಸರಿನಲ್ಲಿತ್ತೆಂದು ಎಲ್ಲೂ ಬರೆದುಕೊಂಡಿಲ್ಲ.