ಮಿಷನ್ ಆಸ್ಪತ್ರೆಯ ಹೆರಿಗೆ ದಫ್ತರ

ಮೈಸೂರಿನ ಮಂಡಿ ಮೊಹಲ್ಲದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಆ ಹೆಸರಿನಿಂದ ಕರೆಯುವುದು ಅಪರೂಪ. ಮಿಷನ್ ಆಸ್ಪತ್ರೆ ಎಂದರೆ ಎಲ್ಲರಿಗೂ ಗೊತ್ತು. ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿ ತೆರೆದ ಈ ಆಸ್ಪತ್ರೆ ಈಗ ಚರ್ಚ್ ಆಫ್ ಸೌತ್ ಇಂಡಿಯಾದ ಆಡಳಿತದಲ್ಲಿದೆ. ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಎರಡು ಮೂರು ತಲೆಮಾರಿನವರು ಇಲ್ಲೇ ಹುಟ್ಟಿದವರು. ಆದರೆ ಹೃದ್ರೋಗ ಮತ್ತು ಸಕ್ಕರೆ ಕಾಯಿಲೆಯ ಮೂಲ ಹುಡುಕುವ ಜಗತ್ತಿನ ವಿಜ್ಞಾನಿಗಳಿಗೆ ಈ ಆಸ್ಪತ್ರೆಯ ಹೆಸರು ಚಿರಪರಿಚಿತ ಎಂಬುದು ಅದೇ ಮನೆಗಳಿಗೆ ಅಷ್ಟಾಗಿ ತಿಳಿದಿಲ್ಲ.

ಅದಕ್ಕೆ ಕಾರಣ ಒಂದು ದಫ್ತರ. 1934ರಿಂದ ಇಲ್ಲಿನ ಹೆರಿಗೆ ವಾರ್ಡಿನಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡಲಾಗುತ್ತಿತ್ತು. ಅನೇಕ ತಾಯಂದಿರ ತೂಕವೂ ದಾಖಲಾಗಿದೆ. ದೇಶದ ಬಹುಪಾಲು ಹೆರಿಗೆಗಳು ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ ಆಗುತ್ತಿದ್ದ ಕಾಲ ಅದು. ಕೂಸನ್ನು ತೂಗುವ ಮಾತೇ ಇರಲಿಲ್ಲ. ಪೌಂಡು ಔನ್ಸುಗಳಲ್ಲಿ ಆ ಅಂಕಿಗಳನ್ನು ಬರೆದ ನರ್ಸುಗಳಿಗೆ ಸಂಶೋಧನೆ ಮಾಡುವ ಉದ್ದೇಶವೇನೂ ಇರಲಿಲ್ಲ, ದಿನದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದರು ಅಷ್ಟೆ. ಈ ದಫ್ತರದಿಂದ ಮುಂದೆ ಹುಟ್ಟಿದ ಮೈಸೂರಿನ ಅಧ್ಯಯನಗಳನ್ನು ತೂಗಿ ನೋಡುವಾಗ ಮೊದಲ ಮನ್ನಣೆ ಸಲ್ಲಬೇಕಾದದ್ದು ಅವರಿಗೆ.

ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯ ಇಂಥದೇ ದಫ್ತರವೊಂದನ್ನು ಬಳಸಿ ಹೊಸ ಮಾತೊಂದನ್ನು ಹೇಳಿದ್ದರು. ಹರ್ಟ್‌ಫರ್ಡ್‌ಷೈರ್ ಜಿಲ್ಲೆಯಲ್ಲಿ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಆರೋಗ್ಯಾಧಿಕಾರಿಣಿ 1911ರಿಂದ ಬರೆಸಿಟ್ಟಿದ್ದ ಶಿಶುಗಳ ತೂಕವನ್ನು, ಅದೇ ಜನ ಮುಂದೆ ಯಾವ ಕಾಯಿಲೆಯಿಂದ ಸತ್ತರು ಎಂಬುದರ ಜೊತೆ ಬಾರ್ಕರ್ ಜೋಡಿಸಿದರು. ಹುಟ್ಟುವಾಗ ಮತ್ತು ಮೊದಲ ವರ್ಷದಲ್ಲಿ ಹಗುರಾಗಿದ್ದವರು ಹೃದಯಾಘಾತದಿಂದ ಸಾಯುವುದು ಹೆಚ್ಚು ಎಂದು 1989ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಗರ್ಭದಲ್ಲಿ ಪೋಷಣೆ ಸಾಲದ ಶಿಶು ತನ್ನ ದೇಹವನ್ನು ಕೊರತೆಗೆ ಹೊಂದಿಸಿಕೊಳ್ಳುತ್ತದೆ, ಆ ಹೊಂದಾಣಿಕೆಯೇ ನಡುವಯಸ್ಸಿನಲ್ಲಿ ರೋಗವಾಗಿ ಕಾಣಿಸಿಕೊಳ್ಳುತ್ತದೆ ಎಂಬುದು ಅವರ ವಾದ. ಅದು ನಿಜವಾದರೆ, ಹಗುರ ಶಿಶುಗಳೇ ತುಂಬಿರುವ ಭಾರತದಲ್ಲಿ ಅದರ ಗುರುತು ಇನ್ನೂ ಢಾಳಾಗಿ ಕಾಣಬೇಕು. ಪರೀಕ್ಷಿಸಲು ಹಳೆಯ ದಾಖಲೆ ಬೇಕಿತ್ತು. ಅದು ಮೈಸೂರಿನಲ್ಲಿತ್ತು.

ದಾಖಲೆ ಇದ್ದರೆ ಸಾಲದು, ಅದರಲ್ಲಿರುವ ಕೂಸು ಈಗ ಎಲ್ಲಿದೆ ಎಂದು ಹುಡುಕಬೇಕು. ಮೈಸೂರಿನ ಕೆಲಸದಲ್ಲಿ ನನಗೆ ಅತ್ಯಂತ ಗೌರವ ಮೂಡಿಸುವ ಭಾಗ ಇದು. ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳುವಾಗ ಬರೆದ ದಿನವೇ ಹುಟ್ಟಿದ ದಿನವಾಗಿಬಿಟ್ಟ ತಲೆಮಾರು ಅದು. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಊರು ಸೇರಿದ್ದರು. ದಫ್ತರದಲ್ಲಿ ಮಗುವಿಗೆ ಹೆಸರೂ ಇಲ್ಲ, ಇರುವುದು ತಾಯಿತಂದೆಯರ ಗುರುತು ಮಾತ್ರ. ಇಷ್ಟನ್ನು ಹಿಡಿದುಕೊಂಡು ಆಸ್ಪತ್ರೆಯ ಸುತ್ತಲಿನ ಬಡಾವಣೆಗಳಲ್ಲಿ 1993ರಿಂದ 2001ರವರೆಗೆ ಮನೆಮನೆ ಸಮೀಕ್ಷೆ ನಡೆಯಿತು. 1934ರಿಂದ 1966ರ ನಡುವೆ ಹುಟ್ಟಿದ 3,427 ಮಂದಿಯನ್ನು ಅವರವರ ಹೆರಿಗೆ ದಾಖಲೆಯೊಂದಿಗೆ ಹೊಂದಿಸಲಾಯಿತು. ಸಂಶೋಧನಾ ಲೇಖನಗಳಲ್ಲಿ ಇದಕ್ಕೆ ಸಿಗುವುದು ಒಂದೆರಡು ಸಾಲು. ಬಾಗಿಲು ತಟ್ಟಿ, ನಿಮ್ಮ ತಾಯಿಯ ಹೆಸರೇನು, ನೀವು ಎಷ್ಟನೆಯವರು ಎಂದು ಕೇಳುತ್ತಾ ಬಿಸಿಲಲ್ಲಿ ನಡೆದ ಆರೋಗ್ಯ ಕಾರ್ಯಕರ್ತರಿಲ್ಲದೆ ಉಳಿದ ಯಾವ ಲೆಕ್ಕಾಚಾರವೂ ಸಾಧ್ಯವಿರಲಿಲ್ಲ.

ಮೊದಲ ಫಲಿತಾಂಶ ಲ್ಯಾನ್ಸೆಟ್‌ನಲ್ಲಿ 1996ರಲ್ಲಿ ಬಂತು. ಬರೆದವರಲ್ಲಿ ಕ್ಲಾಡಿಯಾ ಸ್ಟೈನ್, ಕ್ಯಾರೊಲಿನ್ ಫಾಲ್, ಕಲ್ಯಾಣರಾಮನ್ ಕುಮಾರನ್, ಬಾರ್ಕರ್ ಇದ್ದರು. 1934ರಿಂದ 1954ರ ನಡುವೆ ಹುಟ್ಟಿ ಆಸ್ಪತ್ರೆಯ ಹತ್ತಿರವೇ ವಾಸವಾಗಿದ್ದ 517 ಜನರನ್ನು ಪರೀಕ್ಷಿಸಿದಾಗ 25 ಗಂಡಸರು, 27 ಹೆಂಗಸರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಕಂಡುಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ಶೇ. 11, ಮೂರು ಕಿಲೋ ನೂರು ಗ್ರಾಂ ಮೀರಿದವರಲ್ಲಿ ಶೇ. 3. ಕೂಸೂ ಹಗುರ, ಬಸುರಿ ತಾಯಿಯೂ 45 ಕಿಲೋಗಿಂತ ಕಡಿಮೆ ಎಂಬ ಗುಂಪಿನಲ್ಲಂತೂ ಶೇ. 20.

ಈ ಶೇ. 20 ಎಂಬ ಅಂಕಿಯನ್ನು ನೋಡಿದ ತಕ್ಷಣ ಎದೆ ಝಲ್ಲೆನ್ನುತ್ತದೆ. ಆದರೆ ಓದುಗರು ಇಲ್ಲಿ ತುಸು ನಿಲ್ಲಬೇಕು. ರೋಗಿಗಳ ಒಟ್ಟು ಸಂಖ್ಯೆಯೇ 52. ಅದನ್ನು ತೂಕದ ಗುಂಪುಗಳಾಗಿ, ಮತ್ತೆ ತಾಯಿಯ ತೂಕದ ಗುಂಪುಗಳಾಗಿ ಒಡೆದರೆ ಒಂದೊಂದು ಗುಂಪಿನಲ್ಲಿ ಉಳಿಯುವವರು ಬೆರಳೆಣಿಕೆಯಷ್ಟು. ಇಡೀ 517 ಜನರನ್ನು ತೆಗೆದುಕೊಂಡಾಗ ಜನನ ತೂಕದ ನಂಟು ಸಂಖ್ಯಾಶಾಸ್ತ್ರದ ವಾಡಿಕೆಯ ಗೆರೆ ದಾಟಲಿಲ್ಲ. 45 ವರ್ಷ ಮೀರಿದವರಲ್ಲಿ ಮಾತ್ರ ದಾಟಿತು. ಇನ್ನೂ ಮುಖ್ಯವಾದದ್ದು, ಪರೀಕ್ಷೆಗೆ ಸಿಕ್ಕವರೆಲ್ಲ ಬದುಕಿ ಉಳಿದವರು, ಊರು ಬಿಡದವರು. ಅಷ್ಟರೊಳಗೆ ಹೃದಯಾಘಾತದಿಂದ ತೀರಿಕೊಂಡವರು, ಕೂಸಾಗಿದ್ದಾಗಲೇ ಅಳಿದ ಹಗುರ ಶಿಶುಗಳು, ಕೆಲಸ ಹುಡುಕಿ ಬೆಂಗಳೂರು ಬೊಂಬಾಯಿ ಸೇರಿದವರು ಈ ಲೆಕ್ಕದಲ್ಲಿ ಇಲ್ಲ. ಆ ಕಾಲದಲ್ಲಿ ಆಸ್ಪತ್ರೆಗೆ ಬಂದು ಹೆತ್ತವರು ಊರಿನ ಎಲ್ಲ ವರ್ಗದ ಪ್ರತಿನಿಧಿಗಳೂ ಅಲ್ಲ. ಹಾಗಾಗಿ 1996ರ ಲೇಖನವನ್ನು ಒಂದು ಬಲವಾದ ಸುಳಿವು ಎಂದು ಓದಬೇಕೇ ಹೊರತು ತೀರ್ಪು ಎಂದಲ್ಲ.

ಮುಂದೆ ನಡೆದದ್ದರಿಂದ ಈ ಸಂಶೋಧನೆಯ ಮೇಲೆ ನನ್ನ ನಂಬಿಕೆ ಹೆಚ್ಚಿತು. ಅದೇ ಸಮೂಹದ 506 ಜನರಿಗೆ ಸಕ್ಕರೆ ಪರೀಕ್ಷೆ ಮಾಡಿದಾಗ ಉತ್ತರ ಬಾರ್ಕರ್ ಸಿದ್ಧಾಂತ ಹೇಳಿದಂತೆ ಬರಲಿಲ್ಲ. ಮೈಸೂರಿನಲ್ಲಿ ಸಕ್ಕರೆ ಕಾಯಿಲೆ ಹಗುರ ಶಿಶುಗಳಿಗೆ ಅಂಟಿಕೊಂಡಿರಲಿಲ್ಲ. ಹುಟ್ಟುವಾಗ ಗಿಡ್ಡಗಿದ್ದು, ಆ ಉದ್ದಕ್ಕೆ ದುಂಡಗಿದ್ದವರಲ್ಲಿ, ಭಾರದ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚಾಗಿತ್ತು. ರಕ್ತದೊತ್ತಡವನ್ನೂ ಹೃದಯದ ಗೋಡೆಯ ದಪ್ಪವನ್ನೂ ಅಳೆದಾಗ ಜನನ ತೂಕದ ಜೊತೆ ನಂಟೇ ಕಾಣಲಿಲ್ಲ. ಸಿದ್ಧಾಂತ ಹುಟ್ಟಿದ ಸೌತಾಂಪ್ಟನ್‌ನ ತಂಡವೇ ಈ ಕೆಲಸದಲ್ಲೂ ಇತ್ತು. ತಮ್ಮ ವಾದಕ್ಕೆ ಒಗ್ಗದ ಫಲಿತಾಂಶವನ್ನು ಅವರು ಬದಿಗಿಡದೆ 1998ರಲ್ಲಿ, 2000ದಲ್ಲಿ ಪ್ರಕಟಿಸಿದರು. ವೈದ್ಯಕೀಯ ಸಂಶೋಧನೆಯಲ್ಲಿ ಈ ಪ್ರಾಮಾಣಿಕತೆ ಎಲ್ಲ ಕಡೆ ಸಿಗುವಂಥದ್ದಲ್ಲ.

ದುಂಡು ಶಿಶು, ಭಾರದ ತಾಯಿ ಎಂದರೆ ಏನರ್ಥ? ಬಸುರಿನಲ್ಲಿ ಆ ತಾಯಂದಿರಿಗೆ ಸಕ್ಕರೆ ಅಂಶ ಹೆಚ್ಚಿತ್ತೇನೋ ಎಂಬ ಅನುಮಾನ ಬಂತು. ಹಳೆಯ ದಫ್ತರದಲ್ಲಿ ತಾಯಂದಿರ ರಕ್ತದ ಸಕ್ಕರೆ ಇರಲಿಲ್ಲ. ಆದ್ದರಿಂದ ಹೊಸದಾಗಿ ಬಸುರಿಯರಿಂದಲೇ ಶುರುಮಾಡಬೇಕಾಯಿತು. 1997–98ರಲ್ಲಿ ಆರಂಭವಾದ ಈ ಅಧ್ಯಯನಕ್ಕೆ ಸ್ವಿಟ್ಜರ್ಲೆಂಡಿನ ಪಾರ್ಥೆನಾನ್ ಟ್ರಸ್ಟ್ ಹಣ ಕೊಟ್ಟಿದ್ದರಿಂದ ಮೈಸೂರು ಪಾರ್ಥೆನಾನ್ ಅಧ್ಯಯನ ಎಂದು ಹೆಸರಾಯಿತು. ಆಸ್ಪತ್ರೆಯ ಸಂಶೋಧನಾ ಘಟಕದ ಡಾ. ಜಿ. ವಿ. ಕೃಷ್ಣವೇಣಿ, ಡಾ. ಎಸ್. ಆರ್. ವೀಣಾ ಮುಂತಾದವರು ಇದನ್ನು ಮುಂದಕ್ಕೆ ಕೊಂಡೊಯ್ದರು. ಮೊದಲ ಲೇಖನಗಳಲ್ಲಿ ಮುಂದೆ ಇದ್ದದ್ದು ಇಂಗ್ಲೆಂಡಿನ ಹೆಸರುಗಳು. ಬರಬರುತ್ತಾ ಮೈಸೂರಿನಲ್ಲೇ ಕೂತು ಪ್ರಶ್ನೆ ಕೇಳುವವರ ಹೆಸರು ಮೊದಲಿಗೆ ಬಂತು. ಹಣ ಮಾತ್ರ ಬಹುಮಟ್ಟಿಗೆ ಹೊರಗಿನಿಂದಲೇ ಬರುತ್ತಿತ್ತು. ನಮ್ಮ ಸರ್ಕಾರಗಳೂ ವಿಶ್ವವಿದ್ಯಾಲಯಗಳೂ ಇಷ್ಟು ದೀರ್ಘಕಾಲದ ಕೆಲಸಕ್ಕೆ ಕೈಜೋಡಿಸಿದ್ದು ಕಡಿಮೆ.

ಒಪ್ಪಿ ಪರೀಕ್ಷೆ ಮಾಡಿಸಿಕೊಂಡ 830 ಗರ್ಭಿಣಿಯರಲ್ಲಿ ಮಿಷನ್ ಆಸ್ಪತ್ರೆಯಲ್ಲೇ ಹೆತ್ತವರು 674. ಉಳಿದವರು ಬೇರೆಡೆ ಹೆತ್ತರು. ನಮ್ಮ ಕಡೆ ಮೊದಲ ಬಾಣಂತನ ತವರಿನಲ್ಲಿ ಎಂಬ ಪದ್ಧತಿ ತಿಳಿದವರಿಗೆ ಈ ಇಳಿಕೆಯಲ್ಲಿ ಆಶ್ಚರ್ಯವಿಲ್ಲ. ಯಾವ ವಿದೇಶಿ ಮಾದರಿಯೂ ಮುಂಗಾಣದ ತೊಡಕು ಅದು.

ಗರ್ಭಿಣಿಯರಲ್ಲಿ ಶೇ. 6.2 ಮಂದಿಗೆ ಗರ್ಭಕಾಲದ ಸಕ್ಕರೆ ಕಾಯಿಲೆ ಇತ್ತು. ಅಂಥ ತಾಯಂದಿರ ಹೆಣ್ಣುಮಕ್ಕಳ ಮೈಯಲ್ಲಿ ಐದನೇ ವಯಸ್ಸಿನಲ್ಲೇ ಕೊಬ್ಬು ಹೆಚ್ಚು. ಒಂಬತ್ತೂವರೆ ವರ್ಷಕ್ಕೆ ಬರುವಷ್ಟರಲ್ಲಿ ಗಂಡು ಹೆಣ್ಣು ಇಬ್ಬರಲ್ಲೂ ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದ ಲಕ್ಷಣ ಕಂಡಿತು. ಇಲ್ಲಿ ಸಂಶೋಧಕರು ಒಂದು ಒಳ್ಳೆಯ ಹೋಲಿಕೆ ಇಟ್ಟರು. ತಂದೆಗೆ ಸಕ್ಕರೆ ಕಾಯಿಲೆ ಇರುವ ಮಕ್ಕಳನ್ನೂ ನೋಡಿದರು. ಅವರಲ್ಲೂ ವ್ಯತ್ಯಾಸವಿತ್ತು, ಆದರೆ ಕಡಿಮೆ. ವಂಶದಿಂದ ಬರುವುದರ ಜೊತೆಗೆ ಗರ್ಭದ ವಾತಾವರಣವೂ ಏನೋ ಸೇರಿಸುತ್ತದೆ ಎಂದು ಇದು ಸೂಚಿಸುತ್ತದೆ. ಆದರೂ ಸಕ್ಕರೆ ಕಾಯಿಲೆಯ ತಾಯಂದಿರ ಮಕ್ಕಳು ಈ ಅಧ್ಯಯನದಲ್ಲಿ ಐವತ್ತಕ್ಕೂ ಕಡಿಮೆ ಎಂಬುದನ್ನು ಮರೆಯಬಾರದು.

ಪೋಷಣೆಯ ವಿಷಯದಲ್ಲಿ ಈ ಅಧ್ಯಯನ ತೋರಿಸಿದ್ದು ನಮ್ಮ ಅಡುಗೆಮನೆಗೆ ನೇರವಾಗಿ ಸಂಬಂಧಿಸಿದ್ದು. ಗರ್ಭಿಣಿಯರಲ್ಲಿ ಫೋಲೇಟ್ ಕೊರತೆ ಶೇ. 4 ಮಾತ್ರ, ಬಿ12 ಕೊರತೆ ಶೇ. 43. ಸರ್ಕಾರದಿಂದ ಬಸುರಿಯರಿಗೆ ಸಿಗುವ ಮಾತ್ರೆಯಲ್ಲಿ ಇರುವುದು ಕಬ್ಬಿಣ ಮತ್ತು ಫೋಲಿಕ್ ಆಮ್ಲ. ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ. ಸೊಪ್ಪು ಕಾಳುಗಳಲ್ಲಿ ಅದು ಇಲ್ಲ. ಸಸ್ಯಾಹಾರಿ ಮನೆಯಲ್ಲಿ ಹಾಲು ಮೊದಲು ಮಕ್ಕಳಿಗೆ, ಆಮೇಲೆ ಎಲ್ಲರ ಕಾಫಿಗೆ. ಬಸುರಿಯ ಲೋಟಕ್ಕೆ ಉಳಿಯುವುದು ನೀರು ಮಜ್ಜಿಗೆ. ಬಿ12 ಕಡಿಮೆ ಇದ್ದವರಲ್ಲಿ ಬೊಜ್ಜೂ ಗರ್ಭಕಾಲದ ಸಕ್ಕರೆ ಕಾಯಿಲೆಯೂ ಹೆಚ್ಚಿದ್ದವು. ಕೊರತೆಯೇ ಕಾಯಿಲೆಗೆ ಕಾರಣ ಎಂದು ಇಂಥ ಅಧ್ಯಯನ ಸಾಬೀತು ಮಾಡಲಾರದು. ಎರಡೂ ಒಟ್ಟಿಗೆ ಇರುತ್ತವೆ ಎಂದಷ್ಟೇ ಹೇಳಬಲ್ಲದು. ಇನ್ನೊಂದು ಕಡೆ, ಇಷ್ಟು ಬಿಸಿಲಿರುವ ಊರಿನಲ್ಲಿ ಮೂರರಲ್ಲಿ ಎರಡು ಪಾಲು ಗರ್ಭಿಣಿಯರಿಗೆ ಡಿ ಜೀವಸತ್ವ ಕಡಿಮೆ ಇತ್ತು. ಅದಕ್ಕೂ ಶಿಶುವಿನ ಗಾತ್ರಕ್ಕೂ ನಂಟು ಸಿಗಲಿಲ್ಲ, ಸಿಗಲಿಲ್ಲವೆಂದೇ ಬರೆದರು.

ಇಂಗ್ಲೆಂಡಿನ ಕೂಸಿಗಿಂತ ಮೈಸೂರಿನ ಕೂಸು ಸುಮಾರು ಅರ್ಧ ಕಿಲೋ ಹಗುರ. ಆದರೆ ಆ ಕೊರತೆ ಹೆಚ್ಚಾಗಿ ಸ್ನಾಯುವಿನಲ್ಲಿ, ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿದಿರುತ್ತದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಸುತ್ತಲಿನ ಹಳ್ಳಿಗಳಲ್ಲಿ ಕಂಡದ್ದೂ ಇದನ್ನೇ. ತೂಕ ಒಂದನ್ನೇ ನೋಡಿ ಶಿಶುವಿನ ಆರೋಗ್ಯ ಅಳೆಯುವ ನಮ್ಮ ಪದ್ಧತಿಯ ಮಿತಿಯನ್ನು ಎರಡೂ ಊರುಗಳು ತೋರಿಸಿವೆ.

ಈ ಸಂಶೋಧನೆಯ ಮೇಲೆ ನನಗಿರುವ ದೊಡ್ಡ ಆಕ್ಷೇಪ ಎರಡು. ಒಂದು, ಇದು ಮಿಷನ್ ಆಸ್ಪತ್ರೆಗೆ ಬರಬಲ್ಲವರ ಕಥೆ. ಎಚ್.ಡಿ. ಕೋಟೆಯ ಹಾಡಿಗಳಿಂದ, ಚಾಮರಾಜನಗರದ ಕಡೆಯಿಂದ ಚೆಲುವಾಂಬ ಸರ್ಕಾರಿ ಆಸ್ಪತ್ರೆಗೆ ಬರುವ ತಾಯಂದಿರ ದೇಹದ ಲೆಕ್ಕ ಬೇರೆ ಇರಬಹುದು. ಮೈಸೂರಿನ ಅಂಕಿ ಎಂದು ಜಗತ್ತು ಉಲ್ಲೇಖಿಸುವಾಗ ಅವರು ಅದರೊಳಗೆ ಇಲ್ಲ. ಇನ್ನೊಂದು ಇದಕ್ಕಿಂತ ಗಂಭೀರ: ಇಲ್ಲಿ ಕಂಡುಕೊಂಡದ್ದು ಊರಿಗೆ ಪೂರ್ತಿ ಮರಳಿಲ್ಲ. ಗರ್ಭಕಾಲದ ಸಕ್ಕರೆ ಕಾಯಿಲೆ ಇದ್ದ ತಾಯಂದಿರನ್ನು ಐದು ವರ್ಷದ ಮೇಲೆ ಮತ್ತೆ ಪರೀಕ್ಷಿಸಿದಾಗ ಅವರಲ್ಲಿ ಶೇ. 37 ಮಂದಿಗೆ ಕಾಯಂ ಸಕ್ಕರೆ ಕಾಯಿಲೆ ಬಂದಿತ್ತು. ಉಳಿದ ತಾಯಂದಿರಲ್ಲಿ ಶೇ. 2. ಮೈಸೂರಿನಿಂದ ಹೊರಟ ಎಲ್ಲ ಅಂಕಿಗಳಲ್ಲಿ ನನ್ನ ಮಟ್ಟಿಗೆ ಇದೇ ಅತ್ಯಂತ ಬೆಲೆಯುಳ್ಳದ್ದು, ಏಕೆಂದರೆ ಇದನ್ನು ತಿಳಿದ ತಾಯಿ ನಾಳೆಯೇ ಏನಾದರೂ ಮಾಡಬಹುದು. ಅದು 2007ರಲ್ಲಿ ಇಂಗ್ಲಿಷಿನ ತಜ್ಞ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮ ಮನೆಗಳಲ್ಲಿ ಇವತ್ತಿಗೂ ಕೇಳುವ ಮಾತು, ಹೆರಿಗೆ ಆಯ್ತು, ಶುಗರ್ ಹೋಯ್ತು ಎಂಬುದು. ತಾಯಿ ಮಗುವನ್ನು ನೋಡಿಕೊಳ್ಳುವುದರಲ್ಲಿ ಮುಳುಗುತ್ತಾಳೆ, ಪರೀಕ್ಷೆ ಮರೆತುಹೋಗುತ್ತದೆ.

ತಮ್ಮ ರಕ್ತ ಕೊಟ್ಟು, ಮಕ್ಕಳನ್ನು ವರ್ಷ ವರ್ಷ ಕರೆತಂದು ಅಳೆಸಿ ಈ ತಿಳಿವನ್ನು ಸಾಧ್ಯವಾಗಿಸಿದವರು ಮೈಸೂರಿನ ಹೆಂಗಸರು. ಅದು ಕನ್ನಡದಲ್ಲಿ, ಪ್ರತಿ ಬಾಣಂತಿ ವಾರ್ಡಿನ ಗೋಡೆಯ ಮೇಲೆ, ಪ್ರತಿ ಆಶಾ ಕಾರ್ಯಕರ್ತೆಯ ಬಾಯಲ್ಲಿ ಇರಬೇಕು. ತಾಯಿ ಕಾರ್ಡಿನಲ್ಲಿ ಎದ್ದು ಕಾಣುವಂತೆ ಮುದ್ರಿಸಿದರೂ ತಪ್ಪಿಲ್ಲ. ವಿಜ್ಞಾನವಾಗಿ ಈ ಕೆಲಸ ಮೇಲ್ಮಟ್ಟದ್ದು, ಊರಿಗೆ ಮರಳಿಸುವ ಕೆಲಸ ಇನ್ನೂ ಅರೆಯಾಗಿದೆ. ಹೆರಿಗೆಯಾಗಿ ಆರು ವಾರಕ್ಕೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆ ಎಂಬುದು ಈಗ ದೇಶದ ಮಾರ್ಗಸೂಚಿಯಲ್ಲೂ ಇದೆ. ನಿಮ್ಮ ಮನೆಯ ಹೆಣ್ಣುಮಗಳಿಗೆ ಬಸುರಿನಲ್ಲಿ ಸಕ್ಕರೆ ಕಾಣಿಸಿಕೊಂಡಿದ್ದರೆ, ಮಗುವಿಗೆ ಈಗ ಎಷ್ಟೇ ವಯಸ್ಸಾಗಿರಲಿ, ಈ ತಿಂಗಳೇ ಆಕೆಯನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿ.