ಬಿಚ್ಚಿದಂತೆಯೇ ಜೋಡಿಸಬಹುದೇ? – ಕಾರು ದುರಸ್ತಿ ಕೈಪಿಡಿಗಳ ಒಂದು ವಿಮರ್ಶೆ

ವಿಜ್ಞಾನ ಪುಸ್ತಕಗಳ ವಿಮರ್ಶೆಯನ್ನು ನೀವು ಓದಿರುತ್ತೀರಿ. ದುರಸ್ತಿ ಕೈಪಿಡಿಗಳ ವಿಮರ್ಶೆಯನ್ನು ಓದಿರುವುದು ಅಪರೂಪ. ಓದುಗನು ಪುಟ ತೆರೆದಿಟ್ಟುಕೊಂಡು, ಅದರಲ್ಲಿದ್ದುದನ್ನು ಕೈಯಾರೆ ಮಾಡಿ, ಬರಹ ತಪ್ಪಾಗಿದ್ದರೆ ಅಂದೇ ಅದರ ಫಲ ಅನುಭವಿಸುವ ತಾಂತ್ರಿಕ ಸಾಹಿತ್ಯ ಇದು. ಹಾಗಿದ್ದೂ ಅದನ್ನು ಸಾಹಿತ್ಯವೆಂದು ಯಾರೂ ಪರಿಗಣಿಸುವುದಿಲ್ಲ. ಈ ಬಗೆಯ ಬರಹದ ಗುಣದೋಷಗಳನ್ನು ಅಳೆಯಲು ಒಂದೇ ಅಧ್ಯಾಯ ಸಾಕು: ಮನೆಯಲ್ಲೇ ಕಾರಿನ ಟೈಮಿಂಗ್ ಬೆಲ್ಟ್ ಬದಲಾಯಿಸುವ ಅಧ್ಯಾಯ. (ಇದನ್ನು ‘ಕಾಲನಿಯಂತ್ರಕ ಪಟ್ಟಿ’ ಎಂದು ಕನ್ನಡಿಸುವ ಉತ್ಸಾಹಿಗಳಿದ್ದಾರೆ. ಗ್ಯಾರೇಜಿನಲ್ಲಿ ಹಾಗೆಂದರೆ ಯಾರೂ ತಿರುಗಿ ನೋಡಲಾರರು.)

ಬೆಲ್ಟಿನ ಕೆಲಸವೇನೆಂದು ನೆನಪಿಸಿಕೊಳ್ಳೋಣ. ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ಚೂಷಣ, ಸಂಪೀಡನ, ಶಕ್ತಿ, ನಿಷ್ಕಾಸ ಎಂಬ ಒಂದು ಆವರ್ತ ಮುಗಿಯಲು ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಬೇಕು. ಅಷ್ಟರಲ್ಲಿ ಪ್ರತಿ ಕವಾಟವೂ ಒಮ್ಮೆ ಮಾತ್ರ ತೆರೆದು ಮುಚ್ಚಬೇಕು. ಆದ್ದರಿಂದ ಕವಾಟಗಳನ್ನು ಒತ್ತುವ ಕ್ಯಾಮ್ ದಂಡ ಒಂದೇ ಸುತ್ತು ತಿರುಗುತ್ತದೆ. ನಿಮಿಷಕ್ಕೆ 3000 ಸುತ್ತುಗಳ ವೇಗದಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 50 ಸುತ್ತು ತಿರುಗಿದರೆ, ಪ್ರತಿ ಕವಾಟ ಸೆಕೆಂಡಿಗೆ 25 ಸಲ ತೆರೆಯುತ್ತದೆ. ಅಂಬಾಸಡರ್‌ನ ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಕ್ಯಾಮ್ ದಂಡ ಕೆಳಗೇ ಇದ್ದುದರಿಂದ ಚಿಕ್ಕದೊಂದು ಚೈನು ಸಾಕಾಗುತ್ತಿತ್ತು. ಕ್ಯಾಮ್ ದಂಡ ಎಂಜಿನ್ನಿನ ನೆತ್ತಿಗೆ ಏರಿದ ಮೇಲೆ ದೂರ ಹೆಚ್ಚಿತು. ಎಣ್ಣೆ ಬೇಡದ, ಸದ್ದಿಲ್ಲದ, ಅಗ್ಗದ ಹಲ್ಲಿನ ಬೆಲ್ಟು ಅಲ್ಲಿಗೆ ಬಂತು. ಜರ್ಮನಿಯ ಗ್ಲಾಸ್ ಕಂಪನಿ 1962ರಲ್ಲಿ ತನ್ನ 1004 ಮಾದರಿಯಲ್ಲಿ ಇದನ್ನು ಬಳಸಿತು. ನಮ್ಮ ರಸ್ತೆಗಳಲ್ಲಿ 1983ರ ಕೊನೆಗೆ ಕಾಣಿಸಿಕೊಂಡು 2014ರವರೆಗೆ ತಯಾರಾದ ಮಾರುತಿ 800ರಲ್ಲೂ ಇದ್ದದ್ದು ಇಂಥ ಬೆಲ್ಟೇ.

ಇನ್ನು ಕೈಪಿಡಿಯ ವಿಷಯ. ಈ ಪ್ರಕಾರಕ್ಕೆ ಹೆಸರು ತಂದವರು ಜಾನ್ ಹೇನ್ಸ್. 1938ರಲ್ಲಿ ಅಂದಿನ ಸಿಲೋನಿನಲ್ಲಿ ಹುಟ್ಟಿದ ಇವರು ಬ್ರಿಟಿಷ್ ವಾಯುಪಡೆಯಲ್ಲಿದ್ದು ಏಡನ್‌ನಲ್ಲಿದ್ದಾಗ ಸಹೋದ್ಯೋಗಿಯೊಬ್ಬರ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರಿನ ಎಂಜಿನ್ನನ್ನು ಬಿಚ್ಚಿ ಜೋಡಿಸಲು ನೆರವಾದರು. ಕಾರ್ಖಾನೆಯ ಕೈಪಿಡಿ ಸಾಮಾನ್ಯ ಓದುಗನಿಗೆ ಉಪಯೋಗಕ್ಕೆ ಬಾರದೆಂಬುದು ಆಗ ಮನವರಿಕೆಯಾಯಿತು. ಕೆಲಸದ ಪ್ರತಿ ಹಂತವನ್ನೂ ಛಾಯಾಚಿತ್ರದಲ್ಲಿ ಹಿಡಿದು, ಅದೇ ಕಾರಿನ ಮೇಲೆ 1966ರಲ್ಲಿ ಮೊದಲ ಕೈಪಿಡಿ ಹೊರತಂದರು. ಬರೆಯುವವನು ಮೊದಲು ತಾನೇ ಬಿಚ್ಚಿ ಜೋಡಿಸಿರಬೇಕು ಎಂಬ ನಿಯಮ ಈ ಮಾಲಿಕೆಯ ದೊಡ್ಡ ಗುಣ. ಕೆಲಸದ ಕಷ್ಟವನ್ನು ಒಂದರಿಂದ ಐದು ಸ್ಪ್ಯಾನರ್‌ಗಳ ಚಿತ್ರದಿಂದ ಸೂಚಿಸುವ ಪದ್ಧತಿಯೂ ಚೆನ್ನ. ನಮ್ಮ ಪ್ರಯೋಗಶಾಲೆಯ ಕೈಪಿಡಿಗಳಲ್ಲಿ ಎಷ್ಟನ್ನು ಅವುಗಳ ಲೇಖಕರು ಮೊದಲು ತಾವೇ ಮಾಡಿ ನೋಡಿರುತ್ತಾರೆ ಎಂದು ಉಪಾಧ್ಯಾಯರು ಯೋಚಿಸಬಹುದು.

ಇಷ್ಟು ಮೆಚ್ಚಿದ ಮೇಲೆ ದೋಷಕ್ಕೆ ಬರುತ್ತೇನೆ. ಬಿಚ್ಚುವುದನ್ನು ವಿವರವಾಗಿ ಹೇಳಿ, ಜೋಡಿಸುವುದಕ್ಕೆ ‘ಇದನ್ನೇ ಹಿಂದುಮುಂದಾಗಿ ಮಾಡಿ’ ಎಂಬರ್ಥದ ಒಂದೇ ವಾಕ್ಯ ಬರೆದು ಮುಗಿಸುವುದು ಈ ಕೈಪಿಡಿಗಳ ಹೆಸರಾಂತ ಚಾಳಿ. ದೀಪದ ಗಾಜನ್ನೋ ಬಾಗಿಲ ಹಿಡಿಯನ್ನೋ ಕಳಚುವಾಗ ಇದು ನಿಜವಿರಬಹುದು. ಬೆಲ್ಟಿನ ವಿಷಯದಲ್ಲಿ ಪುಟಗಟ್ಟಲೆ ಸೂಚನೆಗಳಿದ್ದರೂ ಅವುಗಳ ಹಿಂದಿನ ಭಾವನೆ ಅದೇ. ಇದು ಭೌತವಿಜ್ಞಾನದ ದೃಷ್ಟಿಯಿಂದಲೇ ತಪ್ಪು. ಬೆಲ್ಟು ಹಿಡಿದಿಟ್ಟಿರುವುದು ಎರಡು ದಂಡಗಳ ನಡುವಿನ ಒಂದು ಸಂಬಂಧವನ್ನು, ಅಂದರೆ ಪ್ರಾವಸ್ಥೆಯನ್ನು. ಬೆಲ್ಟು ಕಳಚಿದ ಕ್ಷಣ ಆ ಸಂಬಂಧ ಕಳೆದುಹೋಗುತ್ತದೆ. ಅಷ್ಟೇ ಅಲ್ಲ, ಕವಾಟಗಳ ಸ್ಪ್ರಿಂಗುಗಳು ಕ್ಯಾಮಿನ ಉಬ್ಬುಗಳನ್ನು ಒತ್ತುತ್ತಲೇ ಇರುವುದರಿಂದ, ತಡೆ ಇಲ್ಲವಾದೊಡನೆ ಕ್ಯಾಮ್ ದಂಡ ತಾನಾಗಿಯೇ ಥಟ್ಟನೆ ಹೊರಳಿಬಿಡಬಹುದು. ಬಿಚ್ಚಲು ಯಾವ ಮಾಹಿತಿಯೂ ಬೇಡ, ಕತ್ತರಿ ಸಾಕು. ಜೋಡಿಸಲು ಕಳೆದುಹೋದ ಮಾಹಿತಿಯನ್ನು ಮತ್ತೆ ತರಬೇಕು. ಹಲ್ಲುಗಾಲಿಗಳ ಮೇಲಿನ ಗುರುತುಗಳು, ದಂಡಗಳನ್ನು ಹಿಡಿದಿಡುವ ಪಿನ್ನುಗಳು ಇರುವುದು ಇದಕ್ಕಾಗಿಯೇ ಎಂದು ಮೊದಲ ಪುಟದಲ್ಲೇ ಹೇಳಿದ್ದರೆ, ಗುರುತು ನೋಡದೆ ಬೆಲ್ಟು ಎಳೆದುಹಾಕುವ ಓದುಗ ಇರುತ್ತಿರಲಿಲ್ಲ. ಆ ಪಿನ್ನನ್ನೇ ಆಧಾರವಾಗಿಟ್ಟು ಕ್ರ್ಯಾಂಕಿನ ಬಿಗಿಯಾದ ಬೋಲ್ಟನ್ನು ಸಡಿಲಿಸಲು ಹೋಗಿ ಪಿನ್ನು ಮುರಿಯುವವನೂ ಇರುತ್ತಿರಲಿಲ್ಲ. ಪಿನ್ನು ಇರುವುದು ಸ್ಥಾನ ತೋರಿಸಲು, ಬಲ ತಡೆಯಲು ಅಲ್ಲ.

ಒಂದು ಹಲ್ಲು ತಪ್ಪಿದರೆ ಏನಾದೀತು? ಲೆಕ್ಕ ಹಾಕಿ. ಕ್ಯಾಮಿನ ಗಾಲಿಗೆ 40 ಹಲ್ಲು, ಕ್ರ್ಯಾಂಕಿನದಕ್ಕೆ 20 ಎಂದುಕೊಳ್ಳಿ. ಒಂದು ಹಲ್ಲೆಂದರೆ ಕ್ಯಾಮಿನಲ್ಲಿ 9 ಡಿಗ್ರಿ, ಕ್ರ್ಯಾಂಕಿನ ಅಳತೆಯಲ್ಲಿ 18 ಡಿಗ್ರಿ. ಪಠ್ಯಪುಸ್ತಕದ ಚಿತ್ರಗಳು ಇದರ ಮಹತ್ವವನ್ನು ಮರೆಮಾಚುತ್ತವೆ. ಅಲ್ಲಿ ಪಿಸ್ಟನ್ ತುದಿ ಮುಟ್ಟಿದಾಗಲೇ ಒಂದು ಕವಾಟ ಮುಚ್ಚಿ ಇನ್ನೊಂದು ತೆರೆಯುತ್ತದೆ. ನಿಜವಾದ ಎಂಜಿನ್ನಿನಲ್ಲಿ ನಿಷ್ಕಾಸದ ಕೊನೆಗೆ ಪಿಸ್ಟನ್ ಅತಿ ಮೇಲೆ ಬಂದಾಗ ಎರಡೂ ಕವಾಟಗಳು ತುಸು ತೆರೆದೇ ಇರುತ್ತವೆ. ಪಿಸ್ಟನ್ನೂ ಕವಾಟಗಳೂ ಪರಸ್ಪರ ಹತ್ತಿರವಾಗುವುದು ಆಗಲೇ. ಕವಾಟ ಇಳಿಯುವ ಜಾಗವೂ ಪಿಸ್ಟನ್ ಏರುವ ಜಾಗವೂ ಒಂದರೊಳಗೊಂದು ಸೇರಿಕೊಂಡಿರುವ ಎಂಜಿನ್‌ಗಳು ಅನೇಕ. ಸಂಪೀಡನ ಅನುಪಾತ ಹೆಚ್ಚಿರುವ ಡೀಸೆಲ್ ಎಂಜಿನ್‌ಗಳು ಹೆಚ್ಚುಕಡಿಮೆ ಎಲ್ಲವೂ ಹಾಗೆಯೇ. ಒಂದು ಹಲ್ಲು ತಪ್ಪಿದರೆ ಸಾಮಾನ್ಯವಾಗಿ ಎಂಜಿನ್ ಒರಟಾಗಿ ಓಡೀತು, ಎಳೆಯುವ ಶಕ್ತಿ ಕುಂದೀತು. ಎರಡು ಮೂರು ತಪ್ಪಿದರೆ, ಅಥವಾ ಓಡುವಾಗಲೇ ಬೆಲ್ಟು ತುಂಡಾದರೆ, ಕವಾಟಗಳು ಬಾಗುತ್ತವೆ. ಬೆಲ್ಟಿನ ಬೆಲೆಯ ಕೆಲಸ ಎಂಜಿನ್ನಿನ ನೆತ್ತಿಯನ್ನೇ ಇಳಿಸುವ ಕೆಲಸವಾಗುತ್ತದೆ.

ಈ ಅನಾಹುತವನ್ನು ತಪ್ಪಿಸುವ ಸೂಚನೆ ಎಲ್ಲ ಒಳ್ಳೆಯ ಕೈಪಿಡಿಗಳಲ್ಲೂ ಇದೆ: ಹೊಸ ಬೆಲ್ಟು ಹಾಕಿದ ಮೇಲೆ ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಗುರುತುಗಳನ್ನು ಮತ್ತೆ ನೋಡಬೇಕು. ಏಕೆ ಎರಡು? ಏಕೆ ಕೈಯಿಂದ? ಕೈಪಿಡಿ ಮೌನ. ಎರಡು ಸುತ್ತಿಗೆ ಕ್ಯಾಮ್ ಒಂದು ಸುತ್ತು ಮುಗಿಸಿ ಎಲ್ಲ ಕವಾಟಗಳೂ ಒಮ್ಮೆ ತೆರೆದು ಮುಚ್ಚಿರುತ್ತವೆ. ಒಂದೇ ಸುತ್ತಿಗೆ ನಿಲ್ಲಿಸಿದರೆ ಕ್ರ್ಯಾಂಕಿನ ಗುರುತು ಸರಿಯಾಗಿ ಕಂಡು ಕ್ಯಾಮಿನದು ಎದುರು ದಿಕ್ಕಿನಲ್ಲಿರುತ್ತದೆ. ಹೊಸಬರು ಹೌಹಾರುವುದು ಇಲ್ಲಿಯೇ. ಕೈಯಿಂದ ಏಕೆಂದರೆ, ಲೋಹ ಲೋಹಕ್ಕೆ ತಾಗಿದ್ದು ಕೈಗೆ ತಿಳಿಯುತ್ತದೆ, ಸ್ಟಾರ್ಟರ್ ಮೋಟರಿಗೆ ತಿಳಿಯುವುದಿಲ್ಲ. ಮೊದಲೇ ಸ್ಪಾರ್ಕ್ ಪ್ಲಗ್ ಬಿಚ್ಚಿದ್ದರೆ ಒಳಗಿನ ಗಾಳಿಯ ಮೆತ್ತನೆಯ ಪ್ರತಿರೋಧ ಇರುವುದಿಲ್ಲ. ಆಗ ಗಡುಸಾಗಿ ತಡೆದದ್ದೆಲ್ಲ ಅಪಾಯದ ಸೂಚನೆ.

ತಿರುಗಿಸುವ ದಿಕ್ಕಿಗೂ ಕಾರಣವಿದೆ. ಎಂಜಿನ್ ಓಡುವಾಗ ಕ್ರ್ಯಾಂಕ್ ಎಳೆಯುತ್ತದೆ, ಕ್ಯಾಮ್ ಎಳೆಸಿಕೊಳ್ಳುತ್ತದೆ. ಬೆಲ್ಟಿನ ಒಂದು ಬದಿ ಬಿಗಿ, ಇನ್ನೊಂದು ಸಡಿಲ. ಟೆನ್ಷನರ್ ಇರುವುದು ಸಡಿಲ ಬದಿಯಲ್ಲಿ. ಹಿಮ್ಮುಖ ತಿರುಗಿಸಿದರೆ ಬದಿಗಳು ಅದಲುಬದಲಾಗಿ, ಟೆನ್ಷನರ್ ಹಿಂದೆ ಸರಿದು, ಹಲ್ಲು ಹಾರುವ ಸಂಭವವಿದೆ.

ಇನ್ನೊಂದು ಗೊಂದಲ ನೋಡಿ. ಕೆಲವು ಬೆಲ್ಟುಗಳ ಮೇಲೆ ಬಣ್ಣದ ಗೆರೆಗಳಿರುತ್ತವೆ. ಎರಡು ಸುತ್ತಾದ ಮೇಲೆ ಗಾಲಿಯ ಗುರುತುಗಳು ಸರಿಹೊಂದುತ್ತವೆ, ಬೆಲ್ಟಿನ ಗೆರೆಗಳು ಮಾತ್ರ ಎಲ್ಲೋ ಹೋಗಿರುತ್ತವೆ. ಎಷ್ಟೋ ಜನ ತಪ್ಪಾಯಿತೆಂದು ಸರಿಯಾಗಿ ಹಾಕಿದ್ದನ್ನೇ ಬಿಚ್ಚುತ್ತಾರೆ. ಇದು ಏಳನೆಯ ತರಗತಿಯವರೂ ಬಿಡಿಸಬಲ್ಲ ಲ.ಸಾ.ಅ. ಲೆಕ್ಕ. ಎರಡು ಸುತ್ತಿಗೆ 40 ಹಲ್ಲುಗಳು ಸಾಗುತ್ತವೆ. ಬೆಲ್ಟಿಗೆ 100 ಹಲ್ಲುಗಳಿದ್ದರೆ 40 ಮತ್ತು 100ರ ಲ.ಸಾ.ಅ. 200, ಅಂದರೆ ಕ್ರ್ಯಾಂಕ್ 10 ಸುತ್ತು ತಿರುಗಿದಾಗ ಎಲ್ಲವೂ ಮತ್ತೆ ಹೊಂದುತ್ತವೆ. ಬೆಲ್ಟಿಗೆ 101 ಹಲ್ಲುಗಳಿದ್ದರೆ? 202 ಸುತ್ತು ಬೇಕು. ಗೆರೆಗಳು ಹಾಕುವಾಗಿನ ನೆರವು ಮಾತ್ರ, ಆಮೇಲೆ ಅವಕ್ಕೆ ಅರ್ಥವಿಲ್ಲ. ಈ ಒಂದು ಸಾಲು ಎಷ್ಟು ಸಂಜೆಗಳನ್ನು ಉಳಿಸುತ್ತಿತ್ತು!

ಬಿಗಿತವನ್ನು ಎಂಜಿನ್ ತಣ್ಣಗಿದ್ದಾಗಲೇ ಹೊಂದಿಸಬೇಕೆಂಬ ಸೂಚನೆಯೂ ಇಂಥದ್ದೇ. ಅಲ್ಯೂಮಿನಿಯಮಿನ ರೇಖೀಯ ವ್ಯಾಕೋಚನ ಗುಣಾಂಕ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ದಶಲಕ್ಷದಲ್ಲಿ 23 ಭಾಗ. ದಂಡಗಳ ನಡುವೆ 300 ಮಿಲಿಮೀಟರ್ ಅಂತರವಿರುವ, ಪೂರ್ತಿ ಅಲ್ಯೂಮಿನಿಯಮಿನ ಎಂಜಿನ್ 70 ಡಿಗ್ರಿ ಬಿಸಿಯೇರಿದರೆ ಅಂತರ ಅರ್ಧ ಮಿಲಿಮೀಟರ್‌ನಷ್ಟು ಹಿಗ್ಗುತ್ತದೆ. ಬೆಲ್ಟಿಗೆ ಎರಡು ಬದಿಗಳು, ಆದ್ದರಿಂದ ಸುಮಾರು ಒಂದು ಮಿಲಿಮೀಟರ್. ಬಿಸಿಯಲ್ಲಿ ಹೊಂದಿಸಿದ ಬೆಲ್ಟು ಬೆಳಿಗ್ಗೆ ತಣ್ಣಗೆ ಎಂಜಿನ್ ಚಾಲೂ ಮಾಡುವಾಗ ಸಡಿಲ. ಬೆಲ್ಟನ್ನು ಮಡಚಬಾರದು ಎಂಬುದಕ್ಕೂ ಕಾರಣವನ್ನು ಹೇಳುವವರು ಕಡಿಮೆ. ಹೊರಗೆ ಕಾಣುವುದು ರಬ್ಬರು. ಒಳಗೆ ಎಳೆತವನ್ನು ತಡೆಯುವುದು ಗಾಜಿನ ನಾರು. ಗಾಜು ಎಳೆತಕ್ಕೆ ಗಟ್ಟಿ, ಚೂಪಾಗಿ ಬಾಗಿಸಿದರೆ ಮುರಿಯುತ್ತದೆ. ಮುರಿದದ್ದು ಹೊರಗೆ ಕಾಣುವುದೂ ಇಲ್ಲ.

ಬೋಲ್ಟುಗಳಿಗೆ ಹೇಳುವ ಟಾರ್ಕಿನ ಅಂಕಿಗಳನ್ನು ಕೈಪಿಡಿಗಳು ವೇದವಾಕ್ಯದಂತೆ ಮುದ್ರಿಸುತ್ತವೆ. ನಮಗೆ ಬೇಕಾದುದು ಬೋಲ್ಟಿನ ಎಳೆತ. ಪ್ರಯೋಗಿಸಿದ ಟಾರ್ಕಿನ ಸುಮಾರು ಹತ್ತನೆಯ ಒಂದು ಭಾಗ ಮಾತ್ರ ಅದಕ್ಕೆ ಸಲ್ಲುತ್ತದೆ, ಉಳಿದದ್ದೆಲ್ಲ ಘರ್ಷಣೆಯ ಪಾಲು. ಒಣ ಮರೆಗೆ ಕೊಟ್ಟ ಅಂಕಿಯನ್ನು ಎಣ್ಣೆ ಹಚ್ಚಿದ ಮರೆಗೆ ಬಳಸಿದರೆ ಬೋಲ್ಟು ಅಳತೆ ಮೀರಿ ಹಿಗ್ಗುತ್ತದೆ. ಮರೆ ಒಣಗಿರಬೇಕೇ ಬೇಡವೇ ಎಂಬುದನ್ನು ಅಂಕಿಯ ಪಕ್ಕದಲ್ಲೇ ಹೇಳದ ಪಟ್ಟಿ ಅರ್ಧ ಪಟ್ಟಿ.

ಹಾಗಾದರೆ ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕಬಹುದೇ ಎಂದು ಕೇಳುತ್ತೀರಿ. ಟಾರ್ಕ್ ರೆಂಚ್, ಆ ಮಾದರಿಯದೇ ಕೈಪಿಡಿ, ಒಂದು ಪೂರ್ತಿ ದಿನ, ಇವಿಷ್ಟಿದ್ದು ಮೇಲಿನ ‘ಏಕೆ’ಗಳಿಗೆ ಉತ್ತರಿಸಬಲ್ಲವರು ಮಾಡಬಹುದು. ಬ್ಯಾಟರಿಯ ಋಣ ತಂತಿ ಕಳಚಿರಬೇಕು. ಜಾಕ್ ಮಾತ್ರ ಕೊಟ್ಟು ಕಾರಿನ ಕೆಳಗೆ ಹೋಗಲೇಬಾರದು, ಸ್ಟ್ಯಾಂಡ್ ಇರಲೇಬೇಕು. ಎಂಜಿನ್ನಿನ ಒಂದು ಆಧಾರವನ್ನು ಬಿಚ್ಚಬೇಕಾಗುವ ಮಾದರಿಗಳಲ್ಲಿ ಎಂಜಿನ್ನಿಗೂ ಬೇರೆ ಆಸರೆ ಬೇಕು. ಇವುಗಳಲ್ಲಿ ಒಂದಿಲ್ಲದಿದ್ದರೂ ಗ್ಯಾರೇಜೇ ಮೇಲು. ಅಲ್ಲಿಯೂ ಎರಡು ಸುತ್ತು ಕೈಯಿಂದ ತಿರುಗಿಸಿದರೇ ಎಂದು ವಿಚಾರಿಸುವುದರಲ್ಲಿ ತಪ್ಪಿಲ್ಲ.

ಕನ್ನಡದಲ್ಲಿ ಇಂಥ ಕೈಪಿಡಿಯನ್ನು ಬರೆಯಹೊರಟವರು ಇಂಗ್ಲಿಷಿನ ಹಂತಪಟ್ಟಿಯನ್ನು ಭಾಷಾಂತರಿಸಿದರೆ ಅದರ ಮೌನವನ್ನೂ ಭಾಷಾಂತರಿಸಿದಂತಾಗುತ್ತದೆ. ಆ ಎರಡು ಸುತ್ತಿನ ಹಂತವನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ: ‘ಸ್ಪಾರ್ಕ್ ಪ್ಲಗ್ ಬಿಚ್ಚಿದ ಸ್ಥಿತಿಯಲ್ಲೇ, ಕ್ರ್ಯಾಂಕಿನ ಬೋಲ್ಟಿಗೆ ಪಾನಾ ಹಾಕಿ, ಎಂಜಿನ್ ಓಡುವ ದಿಕ್ಕಿನಲ್ಲಿ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ಮೊದಲ ಸುತ್ತಿಗೆ ಕ್ಯಾಮಿನ ಗುರುತು ಎದುರು ಬದಿಯಲ್ಲಿರುತ್ತದೆ, ಗಾಬರಿಯಾಗಬೇಡಿ. ಎಲ್ಲಿಯಾದರೂ ಗಡುಸಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ, ಬಲ ಹಾಕಬೇಡಿ. ಕವಾಟ ಪಿಸ್ಟನ್ನಿಗೆ ತಾಗಿರಬಹುದು. ಬೆಲ್ಟು ಇಳಿಸಿ, ಗುರುತುಗಳಿಂದ ಮತ್ತೆ ಆರಂಭಿಸಿ.’